ಮೈ ಕೊಡವದ ಕುದುರೆ

ಚಂದ್ರಿಯನ್ನು ಕೊಂದದ್ದು ಬಿಸಿಲಲ್ಲ. ಸ್ಪರ್ಧಾ ಸಮಿತಿಯ ಮಹನೀಯರೇ, ಕೊಂದವರು ನೀವು. ಏಳು ವರ್ಷಗಳ ಹಿಂದೆ ನಿಮ್ಮ ವರದಿಯಲ್ಲಿ "ಬಿಸಿಲಿನ ತಾಪದಿಂದ ಒಂದು ಕುದುರೆಯು ಮೃತಪಟ್ಟಿತು" ಎಂಬ ಒಂದು ಸಾಲು ಬರೆದಿರಿ. ಅದರ ಮುಂದಿನ ಮೂರು ಸಾಲುಗಳಲ್ಲಿ ಪಾನಕದ ವ್ಯವಸ್ಥೆ ಅಚ್ಚುಕಟ್ಟಾಗಿತ್ತೆಂದು ಸ್ವಯಂಸೇವಕರನ್ನು ಅಭಿನಂದಿಸಿದಿರಿ. ಜೀವಕ್ಕೆ ಒಂದು ಸಾಲು, ಪಾನಕಕ್ಕೆ ಮೂರು. ಕೆಳಗೆ ಐವರ ಸಹಿ, ಒಂದಕ್ಕಿಂತ ಒಂದು ದುಂಡಗೆ.

ಇದನ್ನು ಬರೆಯುವ ಉದ್ದೇಶ ಕಳೆದ ವಾರದವರೆಗೂ ನನಗಿರಲಿಲ್ಲ. ನಿಮ್ಮ ಪತ್ರವೇ ಬರೆಸುತ್ತಿದೆ. ಸ್ಪರ್ಧೆಗೆ ಹತ್ತು ವರ್ಷ ತುಂಬುತ್ತಿರುವುದರಿಂದ ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದೀರಿ. "ನಮ್ಮ ಭಾಗದ ವಿದ್ಯಾವಂತ ಹೆಣ್ಣುಮಗಳು" ಸವಾರರ ಸಾಹಸದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕು ಎಂದಿದ್ದೀರಿ. ಜೊತೆಗೆ ಸ್ಪರ್ಧೆಯ ನಿಯಮಾವಳಿಯನ್ನೂ ಲಗತ್ತಿಸಿದ್ದೀರಿ. ಅದರ ಏಳನೆಯ ನಿಯಮವನ್ನು ಓದಿದೆ. ಎದ್ದು ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿದೆ. ತಳದಲ್ಲಿ ಒಂದು ನೋಟುಬುಕ್ಕು, ಅದರ ಸುತ್ತ ಕುದುರೆಯ ಬಾಲದ ಕೂದಲಿನಿಂದ ಹೆಣೆದ ಕಪ್ಪು ದಾರ. ಇಷ್ಟು ವರ್ಷಗಳ ಮೇಲೆ ದಾರದಲ್ಲಿ ವಾಸನೆ ಉಳಿದಿರಲು ಸಾಧ್ಯವಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತು. ಆದರೂ ಮೂಗಿಗೆ ಹತ್ತಿರ ಹಿಡಿದಾಗ ಕುರಿಯ ಉಣ್ಣೆ, ಜಾಲಿಕಟ್ಟಿಗೆಯ ಹೊಗೆ, ಒಣಗಿದ ಬೆವರು... ಎಲ್ಲವೂ ಬಂದವು. ಮುತ್ಯಾ ಬಂದರು.

ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದೆವಾದರೂ ಅವರು ನಮ್ಮ ರಕ್ತಸಂಬಂಧಿಯಲ್ಲ, ಊರೂರು ತಿರುಗುವ ಕುರಿಗಾರರು. ನಮ್ಮ ಮನೆಗಳಲ್ಲಿ ಅವರನ್ನು ಏಕವಚನದಲ್ಲೇ ಕರೆಯುವ ರೂಢಿಯಿತ್ತು. ಈ ಬರಹದಲ್ಲಿ ನಾನು ಆ ರೂಢಿಯನ್ನು ಪಾಲಿಸುವುದಿಲ್ಲ. ಬಹುವಚನವನ್ನು ಇಷ್ಟು ವರ್ಷ ಯಾರ್ಯಾರ ಮೇಲೋ ಪೋಲು ಮಾಡಿದ್ದೇವೆ.

ಜೋಳದ ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಾಗ ಅವರ ಹಿಂಡು ಮುದ್ದೇಬಿಹಾಳದ ಕಡೆಯಿಂದ ಬಸವನ ಬಾಗೇವಾಡಿಗೆ ಬರುತ್ತಿತ್ತು. ನೆಲಕ್ಕೆ ಗೊಬ್ಬರವಾಗಲೆಂದು ನನ್ನ ಸೋದರಮಾವನ ಹೊಲಗಳಲ್ಲಿ ಕುರಿಗಳನ್ನು ರಾತ್ರಿ ಕೂಡಿಹಾಕಿ ತರುಬುತ್ತಿದ್ದರು. ಹಿಂಡಿನ ಮುಂದೆ ಚಂದ್ರಿ. ಕಂದು ಬಣ್ಣದ ಹೆಣ್ಣುಕುದುರೆ, ಹಣೆಯಲ್ಲಿ ಬಿಳಿಯ ಚುಕ್ಕೆ. ಅದರ ಬೆನ್ನ ಮೇಲೆ ಇಡೀ ಒಂದು ಸಂಸಾರ ನಡೆದುಬರುತ್ತಿತ್ತು: ಹಿತ್ತಾಳೆಯ ಕೊಡ, ಹಿಟ್ಟಿನ ಚೀಲ, ಕಂಬಳಿಗಳು, ಹಿಂದಿನ ದಿನ ಹುಟ್ಟಿದ ಕುರಿಮರಿ, ನಡೆದು ಸಾಕಾದರೆ ಮುತ್ಯಾನ ಮೊಮ್ಮಗಳು. "ಈ ಕುದುರಿ ನಿಂತ್ರ ನಮ್ಮ ಮನೀನ ನಿಂತಂಗ ನೋಡವಾ" ಎನ್ನುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಅವರಿಗೆ ಬೇರೆ ಮನೆ ಇರಲಿಲ್ಲ.

ಬೀಡು ಬಿಟ್ಟ ಸಂಜೆ ಅವರಲ್ಲಿ ಒಂದು ಪದ್ಧತಿಯಿತ್ತು. ಚಂದ್ರಿಯ ಹೊರೆ ಇಳಿಸಿದ ಮೇಲೆ ಯಾರೂ ಕೂರುತ್ತಿರಲಿಲ್ಲ, ಯಾರೂ ನೀರು ಕುಡಿಯುತ್ತಿರಲಿಲ್ಲ. ಎಲ್ಲರೂ ನಿಂತು ಕುದುರೆಯನ್ನು ನೋಡುತ್ತಿದ್ದರು. ಅದು ಒಮ್ಮೆ ನೆಲವನ್ನು ಮೂಸಿ, ಮೊಣಕಾಲು ಮಡಿಸಿ, ಕರಿಮಣ್ಣಿನ ಧೂಳಿನಲ್ಲಿ ಮಗುವಿನಂತೆ ಹೊರಳಾಡಿ ಎದ್ದು, ಮೂಗಿನಿಂದ ಬಾಲದವರೆಗೆ ಮೈ ಕೊಡವುತ್ತಿತ್ತು. ಧೂಳಿನ ಮೋಡವೆದ್ದು ಇಳಿದ ಮೇಲೆಯೇ ಮುತ್ಯಾನ ಸೊಸೆ ಒಲೆಗೆ ಕಲ್ಲು ಹೂಡುತ್ತಿದ್ದಳು. ಒಂದು ವರ್ಷ ಚಂದ್ರಿ ಹೊರಳಿ ಎದ್ದು ಮೈ ಕೊಡವದೆ ನಿಂತಿತೆಂದು ಆ ಸಂಸಾರ ಎರಡು ದಿನ ಹೊಲ ಬಿಟ್ಟು ಕದಲಲಿಲ್ಲ. ಮಾವ ಎಷ್ಟು ಗದರಿದರೂ ಕದಲಲಿಲ್ಲ.

ಇನ್ನು ನಿಮ್ಮ ಸ್ಪರ್ಧೆಯ ಮಾತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವುದಕ್ಕಿಂತ ಮೊದಲಿನ ಸಂಗತಿ. ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬರು ಕುದುರೆ ಸವಾರರಿಗೆ ಮೂರು ದಿನಗಳ ಪರೀಕ್ಷೆಯ ಪದ್ಧತಿಯನ್ನು ಇಲ್ಲಿಗೆ ತಂದರು: ಮೊದಲ ದಿನ ನಡಿಗೆ, ಎರಡನೆಯ ದಿನ ಹಳ್ಳಕೊಳ್ಳ ದಾಟುವ ದೂರದ ಓಟ, ಮೂರನೆಯ ದಿನ ಅಡ್ಡಗಟ್ಟಿದ ಬೊಂಬುಗಳ ಮೇಲಿನ ಜಿಗಿತ. ಸವಾರನಿಗೂ ಕುದುರೆಗೂ ಇರುವ ನಂಬಿಕೆಯನ್ನು ಅಳೆಯುವುದು ಅವರ ಉದ್ದೇಶವಾಗಿತ್ತಂತೆ. ಮರುವರ್ಷವೇ ಅವರು ಮಗನ ಊರಿಗೆ ಹೊರಟುಹೋದರು. ಉದ್ದೇಶವೂ ಅವರ ಜೊತೆಗೇ ಹೋಯಿತು. ಬಹುಮಾನದ ಬಟ್ಟಲು ಮಾತ್ರ ಇಲ್ಲಿ ಉಳಿಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕುಗಳ ಉಳ್ಳವರ ಮಕ್ಕಳು ಅದಕ್ಕಾಗಿ ಸಾಲುಗಟ್ಟಿದರು.

ನನ್ನ ಮಾವ ಸಮಿತಿಯ ಕಾರ್ಯದರ್ಶಿ. ಮಾವನ ಮಗ ಬಾಗೇವಾಡಿಯ ಸವಾರ. ಅವನ ಬೂಟು ಮುಂಬಯಿಯದು, ಮೀಸೆ ಮನೆತನದ್ದು, ಗತ್ತು ಯಾರದೋ ಸಿನಿಮಾದ್ದು. ಸ್ವಂತದ್ದೆಂದು ಇದ್ದ ಒಂದು ಕುದುರೆಯನ್ನು ಅಭ್ಯಾಸದಲ್ಲೇ ಕುಂಟು ಮಾಡಿಟ್ಟಿದ್ದ.

ಸ್ಪರ್ಧೆಯ ಮೂರನೆಯ ವರ್ಷ ನಾನು ಧಾರವಾಡದಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ನಿಯಮಾವಳಿಯನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೂರದ ಓಟದ ನಡುದಾರಿಯಲ್ಲಿ ಕುದುರೆಗಳನ್ನು ನಿಲ್ಲಿಸಿ, ಮುಂದೆ ಓಡಲು ಶಕ್ತವೋ ಅಲ್ಲವೋ ಎಂದು ನೋಡಬೇಕಿತ್ತು. ತಾಲೂಕಿಗೊಬ್ಬ ದನದ ಡಾಕ್ಟರು. ಅವರನ್ನು ಇಡೀ ದಿನ ಬಯಲಲ್ಲಿ ಕೂರಿಸುವುದು ಆಗದ ಮಾತು. ಹಾಗಾದರೆ ಹೇಗೆ ನೋಡುವುದು? ನಾನು ನೋಟುಬುಕ್ಕು ಹಿಡಿದು ಕುರಿಹಟ್ಟಿಗೆ ಹೋದೆ. ಮುತ್ಯಾ ಕಂಬಳಿಯ ಮೇಲೆ ಜಾಗ ಮಾಡಿಕೊಟ್ಟರು.

"ಬರಕೋ ಹಂಗಾದ್ರ. ಮದಲ ಜೀನ ಇಳಸಬೇಕು. ಕುದುರಿ ಹೊರಳಬೇಕು. ಹೊರಳಿ ಎದ್ದು ಮೈ ಝಾಡಿಸಬೇಕು. ಎರಡೂ ಬರದಿ?"

"ಬರದೆ ಮುತ್ಯಾ. ಹೊರಳಿದ್ರ ಸಾಕಾಗಂಗಿಲ್ಲೇನು?"

"ಏ ಹುಚ್ಚವ್ವಾ, ಹೊಟ್ಟಿಬ್ಯಾನಿ ಎದ್ರೂ ಹೊರಳ್ತೈತಿ ಅದು. ಆವಾಗ ಎದ್ದು ಸುಮ್ಮ ನಿಂದರ್ತೈತಿ, ಝಾಡಿಸಂಗಿಲ್ಲ. ಸುಖದ ಧೂಳ ಅಷ್ಟ ಝಾಡಿಸ್ತೈತಿ ಕುದುರಿ. ನೋವಿನ ಧೂಳ ಝಾಡಿಸಂಗಿಲ್ಲ."

ಹೊರಡುವಾಗ, ಹೊಲಿಗೆ ಬಿಟ್ಟಿದ್ದ ನನ್ನ ನೋಟುಬುಕ್ಕಿಗೆ ಚಂದ್ರಿಯ ಬಾಲದ ಕೂದಲಿನ ದಾರ ಸುತ್ತಿ ಗಂಟು ಹಾಕಿಕೊಟ್ಟರು. "ಬರದದ್ದು ಉದುರಿ ಹೋಗಬಾರ್ದಲಾ" ಎಂದು ನಕ್ಕರು. ಓದುಬರಹ ಅವರಿಗೆ ಬರುತ್ತಿರಲಿಲ್ಲ. ಬರಹದ ಮೇಲೆ ನಮಗಿಲ್ಲದ ಮರ್ಯಾದೆ ಅವರಿಗಿತ್ತು.

ಅದೇ ನೋಟುಬುಕ್ಕಿನಲ್ಲಿ ನಾನು ಬರೆದ ಏಳನೆಯ ನಿಯಮ ಹೀಗಿತ್ತು: "ಜೀನು ಇಳಿಸಿದ ಮೇಲೆ ಕುದುರೆಯು ಹೊರಳಬೇಕು. ಎದ್ದ ನಂತರ ಮೈ ಕೊಡವಬೇಕು; ಕೊಡವದೆ ನಿಂತಲ್ಲಿ ಆ ದಿನ ಅದರ ಮೇಲೆ ಯಾರೂ ಹತ್ತತಕ್ಕದ್ದಲ್ಲ." ಮಾವ ಕೆಂಪು ಮಸಿಯ ಪೆನ್ನು ತೆಗೆದು ಎರಡನೆಯ ವಾಕ್ಯದ ಮೇಲೆ ಗೀಟು ಎಳೆದರು.

"ನಿಯಮ ಸಣ್ಣು ಇರಬೇಕು ತಂಗಿ. ಕುದುರಿ ಧೂಳ ಝಾಡಿಸ್ತೋ ಬಿಡ್ತೋ ಅಂತ ಬಾಯಿ ತಕ್ಕೊಂಡು ನೋಡ್ಕೋತ ನಿಂದ್ರಾಕ ಪಂಚರಿಗೆ ಬ್ಯಾರೆ ಉದ್ಯೋಗ ಇಲ್ಲೇನು?"

ನಾನು ಎದುರಾಡಲಿಲ್ಲ. ಆ ವಾಕ್ಯವನ್ನು ಬಿಟ್ಟು ಶುದ್ಧಪ್ರತಿ ಬರೆದೆ. ನನ್ನ ದುಂಡಗಿನ ಅಕ್ಷರವನ್ನು ಎಲ್ಲರೂ ಹೊಗಳಿದರು. ಆ ಕೊಲೆಯಲ್ಲಿ ನನ್ನ ಪಾಲು ಅಲ್ಲಿಂದ ಆರಂಭವಾಗುತ್ತದೆ. ನನ್ನನ್ನು ಹೊರಗಿಟ್ಟು ನಿಮ್ಮನ್ನಷ್ಟೇ ದೂರುವ ಸೌಕರ್ಯ ನನಗೆ ಬೇಡ.

ಮರುದಿನ ಮಾವ ಮುತ್ಯಾನನ್ನು ಕರೆಸಿ, ಮಗನ ಸವಾರಿಗೆ ಚಂದ್ರಿ ಬೇಕೆಂದರು. ಕೇಳಿದರು ಎಂದು ಬರೆಯಲಾರೆ. ಕುರಿ ಮೇಯುವುದು ಅವರ ಹೊಲದಲ್ಲಿ, ನೀರು ಕುಡಿಯುವುದು ಅವರ ಬಾವಿಯಲ್ಲಿ. ಇಲ್ಲ ಎನ್ನಲು ಮುತ್ಯಾನಿಗೆ ಬಾಯಿ ಎಲ್ಲಿತ್ತು? ನೆಲ ನೋಡುತ್ತ ಹೇಳಿದರು: "ಒಯ್ಯರಿ ಗೌಡ್ರ. ಬಾಯಾಗ ಕಬ್ಬಿಣ ಹಾಕಬ್ಯಾಡ್ರಿ, ಅದು ಹಗ್ಗದ ಮಾತು ಕೇಳ್ತೈತಿ. ಓಡೂ ದಿನ ಮುಂಜಾನೆ ಕಾಳ ಹಾಕಬ್ಯಾಡ್ರಿ. ಮೂರ ದಿನಕ್ಕ ತಂದು ಕಟ್ಟ್ರಿ. ನಾಕನೇ ದಿನ ನಾವು ಕೊಲ್ಹಾರದ ಹಾದಿ ಹಿಡೀಬೇಕು."

"ಕುದುರಿ ಹ್ಯಾಂಗ ಹತ್ತಬೇಕಂತ ಇನ್ನ ಕುರಿ ಕಾಯೋರು ಕಲಸ್ತಾರ" ಎಂದ ಸವಾರ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಮೊದಲ ದಿನ ನಡಿಗೆಯ ಪರೀಕ್ಷೆ. ಹುಟ್ಟಿದಂದಿನಿಂದ ಹಗ್ಗವನ್ನಷ್ಟೇ ಬಲ್ಲ ಬಾಯಿಗೆ ಅವನು ಕಬ್ಬಿಣದ ಕಡಿವಾಣ ತುರುಕಿದ. ಲಗಾಮು ಜಗ್ಗಿದಾಗಲೆಲ್ಲ ಚಂದ್ರಿ ಕತ್ತನ್ನು ಆಕಾಶಕ್ಕೆ ಎತ್ತುತ್ತಿತ್ತು. ಬಾಯಿಯ ಮೂಲೆಯ ನೊರೆ ಕೆಂಪಾಗಿತ್ತು. ಪಂಚರಲ್ಲಿ ಒಬ್ಬರು, ಈಗ ನಿಮ್ಮ ಸಮಿತಿಯ ಉಪಾಧ್ಯಕ್ಷರು, ಬದಿಯವರಿಗೆ ಹೇಳಿದ್ದು ನನಗೆ ಕೇಳಿಸಿತು: "ಕುತ್ತಿಗಿ ಏನ್ ಎತ್ತೇತಿ ನೋಡ್ರಿ! ಖಾನದಾನಿ ಗತ್ತು ಅಂದ್ರ ಇದು." ನೋವಿನಿಂದ ಕತ್ತು ಎತ್ತಿದ ಪ್ರಾಣಿಯಲ್ಲಿ ಖಾನದಾನು ಕಂಡ ಮಹನೀಯರು ನೀವು. ಅತಿ ಹೆಚ್ಚು ಅಂಕ ಕೊಟ್ಟಿರಿ.

ಎರಡನೆಯ ದಿನ ದೂರದ ಓಟ: ದೇವರ ಹಿಪ್ಪರಗಿಯಿಂದ ಹೊರಟು ಡೋಣಿ ಹೊಳೆ ದಾಟಿ ಬಾಗೇವಾಡಿಯ ಮೈದಾನದವರೆಗೆ. ಹೊಳೆಯ ಈಚೆಯ ದಂಡೆಯಲ್ಲಿ ತಪಾಸಣೆಯ ಠಾಣೆ. ತಾಡಪತ್ರಿಯ ನೆರಳಲ್ಲಿ ಮೇಜು, ಅದರ ಮೇಲೆ ದಾಖಲೆ ಪುಸ್ತಕ, ಅದರ ಮುಂದೆ ನಾನು. ಬದಿಯಲ್ಲಿ ಮಾವ ಮತ್ತು ಇಬ್ಬರು ಪಂಚರು. ಸ್ವಲ್ಪ ದೂರದಲ್ಲಿ, ಹಿಂಡನ್ನು ಸೊಸೆಗೆ ಒಪ್ಪಿಸಿ ಬೆಳಗ್ಗೆಯೇ ನಡೆದುಬಂದಿದ್ದ ಮುತ್ಯಾ, ಕೋಲಿನ ಮೇಲೆ ಗಲ್ಲವಿಟ್ಟು ನಿಂತಿದ್ದರು.

ಮೊದಲು ಬಂದವನು ಇಂಡಿ ತಾಲೂಕಿನ ಲಚ್ಯಾಣದ ಕಡೆಯ ಸವಾರ. ಅವನ ಕುದುರೆ ಹೊರಳಲಿಲ್ಲ. ತಲೆ ತಗ್ಗಿಸಿ ನಿಂತುಬಿಟ್ಟಿತು. ಅವನು ಯಾರ ಮಾತಿಗೂ ಕಾಯದೆ ಜೀನನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕುದುರೆಯ ಹಗ್ಗ ಹಿಡಿದು ನಡೆದೇ ಹೊರಟ. "ಅಂವನ್ನ ಕುದುರಿ ಹತ್ತೇತಿ ನೋಡ್ರೋ!" ಎಂದು ಜನ ಕೇಕೆ ಹಾಕಿದರು. ಅವನು ತಿರುಗಿ ನೋಡಲಿಲ್ಲ. ನಿಮ್ಮ ಹತ್ತು ವರ್ಷಗಳಲ್ಲಿ ನಾನು ಕಂಡ ಸವಾರ ಅವನೊಬ್ಬನೇ. ಅವನ ಹೆಸರು ನಿಮ್ಮ ಯಾವ ಫಲಕದ ಮೇಲೂ ಇಲ್ಲ.

ಅವನ ಹಿಂದೆಯೇ ಮಾವನ ಮಗ ಬಂದ. ಚಂದ್ರಿಯ ಪಕ್ಕೆಗಳಲ್ಲಿ ಅವನ ಬೂಟಿನ ಮುಳ್ಳಿನ ಗಾಯಗಳು, ಮೊಣಕಾಲಿನವರೆಗೆ ಡೋಣಿಯ ಅಂಟುಕೆಸರು. ಹೊಳೆಯಲ್ಲಿ ಅದು ಹೊಟ್ಟೆ ತುಂಬ ನೀರು ಕುಡಿದಿತ್ತು. ಕುಡಿಸಿ ತಕ್ಷಣವೇ ದಂಡೆ ಹತ್ತಿಸಿ ಓಡಿಸಿದ್ದ.

"ಮುಂಜಾನೆ ಹೊಟ್ಟಿತುಂಬ ನೆನಸಿದ ಕಡ್ಲಿ ತಿನಿಸೇನಿ ಅಪ್ಪಾಜಿ, ಹುಲಿ ಬಂದಂಗ ಬಂದೈತಿ" ಎಂದು ಇಳಿಯುತ್ತಲೇ ಹೇಳಿದ. ಅದು ಅವನಿಗೆ ಹೆಮ್ಮೆಯ ವಿಷಯ.

ಜೀನು ಇಳಿಸಿದರು. ಚಂದ್ರಿ ನೆಲವನ್ನು ಮೂಸಲಿಲ್ಲ. ನಿಂತಲ್ಲೇ ಕುಸಿದಂತೆ ಮಲಗಿತು, ಒಮ್ಮೆ ಹೊರಳಿತು, ಇನ್ನೊಮ್ಮೆ, ಕಾಲು ಝಾಡಿಸಿ ಒದೆಯುತ್ತ ಹೊರಳಿತು. ತಲೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿತು. ಎದ್ದು ನಿಂತಿತು. ಬೆನ್ನು, ಕತ್ತು, ಕಣ್ಣಿನ ರೆಪ್ಪೆಯ ಮೇಲೂ ಧೂಳು. ನಾನು ಕಾದೆ... ಮೈ ಕೊಡವಲಿಲ್ಲ.

"ಹೊರಳ್ತು! ಹೊರಳ್ತು!" ಎಂದು ಜನ ಚಪ್ಪಾಳೆ ಹೊಡೆದರು.

"ಬರಿ ತಂಗಿ, ಹೊರಳ್ಯದ ಅಂತ ಬರಿ. ಲಗೂ ಬರಿ" ಎಂದರು ಮಾವ.

ಆಗ ಮುತ್ಯಾ ಮುಂದೆ ಬಂದರು. ಆ ಗುಂಪಿನಲ್ಲಿ ಅವರು ಗಟ್ಟಿಯಾಗಿ ಮಾತನಾಡಿದ್ದು ಅದೇ ಮೊದಲು, ಅದೇ ಕೊನೆ. "ಗೌಡ್ರ, ನಿಂದರ್ರಿ. ಅದು ಮೈ ಝಾಡಿಸಲಿಲ್ರಿ."

"ಏ ಮುತ್ಯಾ, ಅದೇನು ನಿಯಮದಾಗ ಐತೇನು?" ಎಂದ ಸವಾರ.

ಮುತ್ಯಾ ನನ್ನ ಕಡೆ ನೋಡಿದರು. ಬರೆದುಕೊಂಡವಳು ನಾನಲ್ಲವೇ, ನಾನೇ ಹೇಳುತ್ತೇನೆಂದು ಕಾದರು. ನಾನು ದಾಖಲೆ ಪುಸ್ತಕ ನೋಡುತ್ತ ಕುಳಿತೆ. ಅವರು ಚಂದ್ರಿಯ ಬಳಿ ಹೋಗಿ, ಮೊಣಕಾಲೂರಿ, ಅದರ ಪಕ್ಕೆಗೆ ಕಿವಿ ಹಚ್ಚಿದರು. ಎದ್ದಾಗ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಹೊಟ್ಟಿ ಮಾತಾಡವಲ್ದರಿ... ಕರುಳ ನಿಂತಾವು. ಈಗ ಹತ್ತಬ್ಯಾಡ್ರಿ, ಕಾಲಿಗೆ ಬೀಳ್ತೇನಿ. ಸಾವಕಾಶ ನಡಸ್ಕೋತ ಒಯ್ತೇನಿ ನಾನು. ಉಳೀತೈತಿ."

"ಕುದುರಿ ಹೊಟ್ಟಿ ಏನ್ ಭಾಷಣ ಮಾಡ್ಬೇಕಾಗಿತ್ತೇನೋ?" ಎಂದರು ಮಾವ. ಪಂಚರಿಬ್ಬರೂ ನಕ್ಕರು. ಒಬ್ಬರು ನಗುತ್ತ ಕೆಮ್ಮಿದಾಗ ಯಾರೋ ಪಾನಕ ತಂದುಕೊಟ್ಟರು. ಅದೇ, ನೀವು ವರದಿಯಲ್ಲಿ ಹೊಗಳಿದ ಪಾನಕ.

ನಾನು ಬರೆದೆ: "ಹೊರಳಿದೆ. ಸರಿಯಿದೆ." ಮುತ್ಯಾನಿಗೆ ಓದಲು ಬರುತ್ತಿರಲಿಲ್ಲ. ಪೆನ್ನು ಆಡಿದ್ದು ಕಾಣಿಸಿತು. ಕೋಲನ್ನು ಕೈಯಿಂದ ಕೈಗೆ ಬದಲಿಸಿ ಹಿಂದೆ ಸರಿದರು.

ಮುಂದಿನದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ, ದಾರಿಯಲ್ಲಿದ್ದವರಿಂದ ಕೇಳಿದೆ. ಎರಡು ಬಾರಿ ಅದು ಮಲಗಲು ನೋಡಿತಂತೆ; ಎರಡು ಬಾರಿಯೂ ಬಾರುಕೋಲಿನಿಂದ ಹೊಡೆದು ಎಬ್ಬಿಸಿದನಂತೆ. ನಾವು ಜೀಪಿನಲ್ಲಿ ಬಾಗೇವಾಡಿ ತಲುಪಿದಾಗ ಅವನು ಮೊದಲಿಗನಾಗಿ ಬಂದು ಹಾರ ಹಾಕಿಸಿಕೊಂಡಾಗಿತ್ತು. ಚಂದ್ರಿ ಮೈದಾನದ ಕಂಪೌಂಡಿನ ಪಕ್ಕ ಬಿದ್ದಿತ್ತು. ಮುತ್ಯಾ ಡೋಣಿಯಿಂದ ಅಷ್ಟು ದಾರಿಯನ್ನು ಓಡುತ್ತಲೇ ಬಂದರು. ಅವರು ಬರುವವರೆಗೆ ಅದಕ್ಕೆ ಉಸಿರಿತ್ತು, ಬಂದ ಮೇಲೆ ಹೆಚ್ಚು ಹೊತ್ತು ಇರಲಿಲ್ಲ. ತಮ್ಮ ಮುಂಡಾಸು ಬಿಚ್ಚಿ ಅದರ ಮೈಮೇಲಿನ ಧೂಳನ್ನು ಒರೆಸತೊಡಗಿದರು. ಕತ್ತು, ಬೆನ್ನು, ರೆಪ್ಪೆ... ಬಹಳ ನಿಧಾನವಾಗಿ, ಒಂದು ಜಾಗವೂ ಬಿಡದ ಹಾಗೆ. ಅದು ಕೊಡವಲಾರದೆ ಉಳಿಸಿಕೊಂಡ ಧೂಳನ್ನು ಅವರು ಒರೆಸಿ ಮುಗಿಸಿದರು.

ಮೂರನೆಯ ದಿನ ಸವಾರ ಬೇರೊಬ್ಬರ ಕುದುರೆ ತಂದು ಜಿಗಿತದಲ್ಲಿ ಭಾಗವಹಿಸಿದ. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿಯಾಗಬಹುದಾದ ವಾಕ್ಯಗಳಿಗೆ ಗೀಟು ಎಳೆಯುವುದು ನಿಮಗೆ ಕರಗತವಾಗಿತ್ತು. "ಅತ್ಯುತ್ತಮ ಸವಾರ" ಎಂದು ಬಟ್ಟಲು ಕೊಟ್ಟಿರಿ. ನಿಮ್ಮ ಔದಾರ್ಯ ಅಲ್ಲಿಗೇ ನಿಲ್ಲಲಿಲ್ಲ. "ಕುದುರೆಯನ್ನು ಸಾಕಿದ ಹಿರಿಯ" ಎಂದು ಮುತ್ಯಾನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಲು ಹೋದಿರಿ. ಅವರು ಕೆಳಗೆ ನಿಂತೇ ಹೇಳಿದರು: "ಕಂಬಳಿ ಐತ್ರಿ ನನ್ನ ಹತ್ರ." ಅಷ್ಟೇ. ಶಾಲು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಆ ಭಂಗಿಯ ಫೋಟೋ ತೆಗೆದಿದ್ದರೆ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಒಪ್ಪುತ್ತಿತ್ತು.

ನಾಲ್ಕನೆಯ ದಿನ ಅವರು ಹೇಳಿದಂತೆಯೇ ಕೊಲ್ಹಾರದ ಹಾದಿ ಹಿಡಿದರು. ಸೊಸೆಯ ತಲೆಯ ಮೇಲೆ ಹಿತ್ತಾಳೆಯ ಕೊಡ, ಮೊಮ್ಮಗಳ ಕೈಯಲ್ಲಿ ಕುರಿಮರಿ. ಹಿಟ್ಟಿನ ಚೀಲ, ಕಂಬಳಿಗಳು, ಉಳಿದದ್ದೆಲ್ಲ ಮುತ್ಯಾನ ಬೆನ್ನ ಮೇಲೆ. ಹಿಂಡಿನ ಮುಂದೆ ಯಾರೂ ಇರಲಿಲ್ಲ. ಮರುವರ್ಷ ಅವರು ನಮ್ಮ ಹೊಲಕ್ಕೆ ಬರಲಿಲ್ಲ. "ಸೊಕ್ಕು" ಎಂದರು ಮಾವ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನಲ್ಲಿ ಅದಕ್ಕೆ ಬೇರೆ ಬೇರೆ ಕತೆಗಳಿವೆ. ಆ ಸವಾರನಿಗೇ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಾನು ಒಲ್ಲೆನೆಂದೆ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅವ್ವ ಕೊನೆಗೆ ಕೇಳಿದಳು: "ಒಂದ್ ಕುದುರಿ ಸಲುವಾಗಿ?" ಹೌದು ಎಂದೆ. ಸುಸ್ತಾದ ಜೀವವೊಂದು ಮಲಗಲು ನೋಡಿದಾಗ ಬಾರುಕೋಲಿನಿಂದ ಎಬ್ಬಿಸುವವನ ಮನೆಯಲ್ಲಿ ನಾನು ಯಾವ ಧೈರ್ಯದಿಂದ ಮಲಗಲಿ?

ಅದಾದ ಎರಡು ವರ್ಷಕ್ಕೆ ದೇವರ ಹಿಪ್ಪರಗಿಯ ಸಂತೆಯಲ್ಲಿ ಮುತ್ಯಾನನ್ನು ಕಂಡೆ. ಬಸ್ಸಿಗೆ ಕಾಯುತ್ತಿದ್ದೆ. ಬೆನ್ನ ಮೇಲೆ ಚೀಲ ಹೊತ್ತು ಬಾಗಿ ನಡೆಯುತ್ತಿದ್ದ ಮುದುಕರೊಬ್ಬರು ಚೀಲ ಇಳಿಸಿ ಸೊಂಟ ನೀವಿಕೊಂಡಾಗ ಗುರುತು ಹತ್ತಿತು. ಕ್ಷಮೆ ಕೇಳಬೇಕೆಂದು ಓಡಿಹೋದೆ. ಅವರೇ "ಆರಾಮದಿಯೇನವಾ? ಸಾಲಿ ಮುಗೀತೇನು?" ಎಂದು ವಿಚಾರಿಸಿದರು. ಸಿಟ್ಟಿರಲಿಲ್ಲ. ಬಹುಕಾಲದಿಂದ ತಿಳಿಯದೆ ಉಳಿದ ಒಂದು ಸಣ್ಣ ಸಂಗತಿಯನ್ನು ಕೇಳುವವರಂತೆ ಕೇಳಿದರು:

"ಅಲ್ಲವಾ, ಅವತ್ತು ನಾ ಹೇಳಿದ್ದು ಎರಡೂ ಬರಕೊಂಡಿದ್ದಿಲ್ಲೋ?"

"ಬರಕೊಂಡಿದ್ದೆ ಮುತ್ಯಾ. ಎರಡೂ ಬರದಿದ್ದೆ."

"ಮತ್ತ ಎಲ್ಲಿ ಹೋತು?"

ಬಸ್ಸು ಬಂತು. ಅವರೇ "ಹತ್ತವಾ, ಜಾಗ ಸಿಗಂಗಿಲ್ಲ" ಎಂದರು. ಕಿಟಕಿಯಿಂದ ನೋಡಿದಾಗ ಚೀಲವನ್ನು ಮತ್ತೆ ಬೆನ್ನಿಗೇರಿಸಿಕೊಳ್ಳುತ್ತಿದ್ದರು... ಮೊದಲನೆಯ ಸಲ ಆಗಲಿಲ್ಲ. ಎರಡನೆಯ ಸಲವೂ. ಬಸ್ಸು ತಿರುಗಿತು.

ಮತ್ತೆ ಅವರನ್ನು ನಾನು ನೋಡಲಿಲ್ಲ. ಈ ಚಳಿಗಾಲದಲ್ಲಿ ಕೊಲ್ಹಾರಕ್ಕೆ ಹೋದಾಗ ಕೃಷ್ಣೆಯ ದಂಡೆಯ ಹೊಲವೊಂದರಲ್ಲಿ ಅವರ ಸೊಸೆ ಸಿಕ್ಕಳು. ಹೋದ ಮಳೆಗಾಲದಲ್ಲಿ ಮುತ್ಯಾ ತೀರಿಕೊಂಡರಂತೆ. ಹೊರೆ ಹೊತ್ತು ಹೊತ್ತು ಕೊನೆಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲವಂತೆ. ಬೀಡು ಬಿಟ್ಟ ಸಂಜೆ, ಕುದುರೆಯಿಲ್ಲದಿದ್ದರೂ, ಒಲೆ ಹೂಡುವ ಮುನ್ನ ಒಂದು ಗಳಿಗೆ ನಿಂತೇ ಇರುತ್ತಿದ್ದರಂತೆ. "ಏನ್ ನೋಡ್ತಿದ್ರೋ ಏನೋ" ಎಂದಳು ಸೊಸೆ. ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಬೇಕಾದಾಗ ಹೇಳದವಳು ನಾನು. ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇನ್ನು ಯಾರಿಗೂ ಕೊಟ್ಟು ತೀರಿಸಲಾಗುವುದಿಲ್ಲ.

ಮಹನೀಯರೇ, ನೀವು ಲಗತ್ತಿಸಿದ ನಿಯಮಾವಳಿ ನನ್ನ ಮೇಜಿನ ಮೇಲಿದೆ. ಏಳನೆಯ ನಿಯಮದಲ್ಲಿ ಇಂದಿಗೂ ಒಂದೇ ವಾಕ್ಯವಿದೆ. ಸುಗ್ಗಿ ಮುಗಿದ ಮೇಲೆ ಅದೇ ಡೋಣಿ, ಅದೇ ದಂಡೆ, ಅದೇ ಅರ್ಧ ನಿಯಮ. ಕುರಿಗಾರರೊಬ್ಬರ ತಿಳಿವಳಿಕೆಯಲ್ಲಿ ನಿಮ್ಮ ಸವಾರರಿಗೆ ಅನುಕೂಲವಾದ ಅರ್ಧವನ್ನು ಇಟ್ಟುಕೊಂಡು, ಕುದುರೆಯನ್ನು ಉಳಿಸುವ ಅರ್ಧವನ್ನು ಹೊಡೆದು ಹಾಕಿದಿರಿ. ಆಮೇಲೆ ಬಿಸಿಲನ್ನು ಅಪರಾಧಿ ಮಾಡಿದಿರಿ. ಬಿಸಿಲಿಗೆ ವಕೀಲರಿಲ್ಲ ಎಂಬುದು ನಿಮಗೆ ಗೊತ್ತಿತ್ತು.

ಆದ್ದರಿಂದ ನಾಲ್ಕು ಒಳ್ಳೆಯ ಮಾತುಗಳ ಬದಲಾಗಿ ಈ ಲೇಖನವನ್ನು ಕಳುಹಿಸುತ್ತಿದ್ದೇನೆ. ಇದನ್ನು ಒಂದಕ್ಷರವೂ ಬಿಡದೆ ಸಂಚಿಕೆಯಲ್ಲಿ ಅಚ್ಚು ಮಾಡಬೇಕೆಂದು ಸಮಿತಿಯನ್ನು ವಿಧಿಪೂರ್ವಕವಾಗಿ ವಿನಂತಿಸುತ್ತೇನೆ. ಅಚ್ಚು ಮಾಡಲಾಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ಬೇರೆ ಪತ್ರಿಕೆಗಳಿವೆ, ಪ್ರಶ್ನೆ ಕೇಳಲು ಹೆದರಬೇಕಿದ್ದ ದಿನಗಳೂ ಕಳೆದಿವೆ. ಈ ವರ್ಷದ ಓಟಕ್ಕೆ ಮುನ್ನ ಏಳನೆಯ ನಿಯಮದ ಎರಡನೆಯ ವಾಕ್ಯವನ್ನು ಮರಳಿ ಸೇರಿಸಬೇಕು, ಮತ್ತು ತಪಾಸಣೆಯ ಠಾಣೆಯಲ್ಲಿ ಸವಾರರ ಸಂಬಂಧಿಕರಲ್ಲದ, ಕುದುರೆಯೊಡನೆ ಬದುಕಿದ ಒಬ್ಬರನ್ನು ನಿಲ್ಲಿಸಿ ಅವರ ಮಾತೇ ಕೊನೆಯದೆಂದು ಒಪ್ಪಬೇಕು. ಏಳು ವರ್ಷಗಳ ಹಿಂದಿನ ವರದಿಯನ್ನು ತಿದ್ದಿ, ಬಟ್ಟಲನ್ನು ಹಿಂದಕ್ಕೆ ಪಡೆಯಬೇಕು. ಕೊಲ್ಹಾರದ ದಂಡೆಯಲ್ಲಿರುವ ಆ ಸಂಸಾರಕ್ಕೆ ಒಂದು ಹೆಣ್ಣುಕುದುರೆಯನ್ನು ಒಯ್ದು ಕಟ್ಟಬೇಕು. ಶಾಲು ಬೇಡ, ಅವರ ಬಳಿ ಕಂಬಳಿ ಇದೆ. ದಾಖಲೆ ಪುಸ್ತಕದಲ್ಲಿ "ಸರಿಯಿದೆ" ಎಂದು ಬರೆದ ಕೈ ನನ್ನದೇ ಆದ್ದರಿಂದ, ವಿಚಾರಣೆ ನಡೆಸುವುದಾದರೆ ಮೊದಲು ನನ್ನನ್ನೇ ಕರೆಯಿರಿ. ಬರುತ್ತೇನೆ.

ಎಲ್ಲಕ್ಕಿಂತ ಮೊದಲು, ದೇವರ ಹಿಪ್ಪರಗಿಯ ಸಂತೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮ ಐದು ಸಹಿಗಳ ಮುಂದೆ ಇಡುತ್ತಿದ್ದೇನೆ. ಬರೆದದ್ದು ಎಲ್ಲಿ ಹೋಯಿತು? ಓಟದ ದಿನಕ್ಕೆ ಮುಂಚೆ ಲಿಖಿತ ಉತ್ತರ ನನ್ನ ಕೈಸೇರಬೇಕು. ಕೆಂಪು ಗೀಟಿನ ಆ ಹಾಳೆಯ ನಕಲನ್ನು ಕೈಯಿಂದ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಮೂಲ ನನ್ನ ಬಳಿಯೇ ಇರುತ್ತದೆ. ನೋಟುಬುಕ್ಕಿಗೆ ದಾರವನ್ನು ಮತ್ತೆ ಬಿಗಿದು ಕಟ್ಟಿದ್ದೇನೆ. ಅದರಲ್ಲಿ ಇದುವರೆಗೆ ಒಂದು ಸಾಲೂ ಉದುರಿಲ್ಲ.